ರಹೀಮ್ ಮಾಸ್ತರರ ಮೈದಾನ ಮತ್ತು ನಾವು ಮರೆತ ನಾಲ್ಕು ನೆರೆಹೊರೆಯವರ ಕಪ್

2023ರ ಜೂನ್ 21ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಭಾರತ ಮತ್ತು ಪಾಕಿಸ್ತಾನದ ಫುಟ್‌ಬಾಲ್ ತಂಡಗಳು ಆಡಿದವು. ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಶಿಪ್ ಅದು. ವೀಸಾ ತಡವಾಗಿದ್ದರಿಂದ ಪಾಕಿಸ್ತಾನದ ಆಟಗಾರರು ಪಂದ್ಯದ ದಿನವೇ ಬೆಂಗಳೂರಿಗೆ ಬಂದಿಳಿದರು. ಸುನಿಲ್ ಚೆಟ್ರಿ ಹ್ಯಾಟ್ರಿಕ್ ಹೊಡೆದರು, ಭಾರತ 4–0 ಗೆದ್ದಿತು. ಮರುದಿನ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿದ ಮೀಮ್‌ಗಳನ್ನು ನೋಡಿದವರಿಗೆ ಅದು ಆಟವೋ ಯುದ್ಧವೋ ಗೊತ್ತಾಗುವಂತಿರಲಿಲ್ಲ.

ಇದಕ್ಕೆ ಸುಮಾರು 70 ವರ್ಷ ಹಿಂದೆ, ದೇಶ ಒಡೆದ ಗಾಯ ಇನ್ನೂ ಹಸಿಯಿದ್ದಾಗ, ನಾಲ್ಕು ನೆರೆಯ ದೇಶಗಳು ಕೂಡಿ ಒಂದು ಕಪ್ ಆಡುತ್ತಿದ್ದವು ಅಂದ್ರೆ ಇವತ್ತು ಎಷ್ಟು ಮಂದಿ ನಂಬ್ತಾರೆ? ಭಾರತ, ಪಾಕಿಸ್ತಾನ, ಸಿಲೋನ್ ಮತ್ತು ಬರ್ಮಾ. ನಾಲ್ಕೂ ಬ್ರಿಟಿಷರ ಕೈಯಿಂದ ಆಗತಾನೇ ಬಿಡಿಸಿಕೊಂಡು ಬಂದ ದೇಶಗಳು. ಕೊಲಂಬೊ ಕಪ್ ಅಂತ ಹೆಸರಾದ ಈ ಚತುಷ್ಕೋನ ಪಂದ್ಯಾವಳಿ 1952ರಲ್ಲಿ ಕೊಲಂಬೊದಲ್ಲಿ, 1953ರಲ್ಲಿ ರಂಗೂನಿನಲ್ಲಿ, 1954ರಲ್ಲಿ ಕಲ್ಕತ್ತಾದಲ್ಲಿ, 1955ರಲ್ಲಿ ಢಾಕಾದಲ್ಲಿ ನಡೆಯಿತು. ಮೊದಲ ವರ್ಷ ಭಾರತ ಮತ್ತು ಪಾಕಿಸ್ತಾನ ಕಪ್ಪನ್ನು ಹಂಚಿಕೊಂಡವು. ಹೌದು, ಹಂಚಿಕೊಂಡವು! ಮುಂದಿನ ಮೂರು ವರ್ಷ ಭಾರತವೇ ಗೆದ್ದಿತು. 1955ರಲ್ಲಿ ಢಾಕಾ ಪಾಕಿಸ್ತಾನದ ಊರು ಎಂಬುದನ್ನು ನೆನಪಿಡಿ. ಅಲ್ಲಿಗೆ ಹೋಗಿ, ಅವರ ಜನರ ಎದುರಿಗೇ ಆಡಿ, ಗೆದ್ದು ಬಂದರು.

ಆ ಕಾಲದ ಭಾರತೀಯ ಫುಟ್‌ಬಾಲನ್ನು ಕಟ್ಟಿದವರು ಯಾರು ಅಂತ ಕೇಳಿದರೆ ಮೊದಲು ಬರುವ ಹೆಸರು ಹೈದರಾಬಾದಿನ ಒಬ್ಬ ಸಾಲಿ ಮಾಸ್ತರರದು: ಸೈಯದ್ ಅಬ್ದುಲ್ ರಹೀಮ್. 2024ರಲ್ಲಿ ಬಂದ ಮೈದಾನ್ ಸಿನಿಮಾ ನೋಡಿದವರಿಗೆ ಹೆಸರು ಗೊತ್ತು. ಆದರೆ ಸಿನಿಮಾ ಹೇಳುವುದು ಒಂದು ಗೆಲುವಿನ ಕತೆ. ಗೆಲುವಿನ ಹಿಂದೆ ಇದ್ದ ಸಾಲಿ, ಪೊಲೀಸ್ ಕವಾಯತು ಮೈದಾನ, ಬಾಡಿಗೆ ಸೈಕಲ್ಲು, ಇವುಗಳ ಕತೆಯೂ ಅಷ್ಟೇ ಮುಖ್ಯ.

ನಿಜಾಮನ ಊರಿನ ಮಾಸ್ತರ

ರಹೀಮ್ ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಆಗ ಅದು ನಿಜಾಮನ ರಾಜ್ಯ. ನಮ್ಮ ಕಲಬುರಗಿ, ರಾಯಚೂರು, ಬೀದರ್ ಕೂಡ ಅದೇ ರಾಜ್ಯದೊಳಗಿದ್ದವು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಪದವಿ ಪಡೆದರು, ಕಾಲೇಜು ದಿನಗಳಲ್ಲೇ ಒಳ್ಳೆಯ ಆಟಗಾರ ಅನ್ನಿಸಿಕೊಂಡರು. ಆಮೇಲೆ ಕಾಚಿಗುಡ, ಚಾದರ್‌ಘಾಟ್ ಕಡೆಯ ಸಾಲಿಗಳಲ್ಲಿ ಮಾಸ್ತರಿಕೆ ಮಾಡಿದರು, ದೈಹಿಕ ಶಿಕ್ಷಣದ ಡಿಪ್ಲೊಮಾ ಮಾಡಿಕೊಂಡು ಮಕ್ಕಳ ಆಟದ ಹೊಣೆಯನ್ನೂ ಹೊತ್ತರು.

1940ರ ದಶಕದ ಮೊದಲ ವರ್ಷಗಳಲ್ಲಿ ಅವರು ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು, ಸಾಯುವವರೆಗೂ ಆ ಕೆಲಸ ಬಿಡಲಿಲ್ಲ. ಕಾರ್ಯದರ್ಶಿ ಅಂದ್ರೆ ಇವತ್ತಿನ ಕ್ರೀಡಾ ಸಂಸ್ಥೆಗಳ ಕುರ್ಚಿ ಬಿಡದ ಪದಾಧಿಕಾರಿಗಳು ಕಣ್ಣ ಮುಂದೆ ಬರಬಹುದು. ರಹೀಮ್ ಮಾಡಿದ್ದು ಬೇರೆ. ಊರಿನ ಹುಡುಗರಿಗಾಗಿ ಅವರು ವಿಚಿತ್ರ ಅನ್ನಿಸುವಂಥ ಪಂದ್ಯಾವಳಿಗಳನ್ನು ನಡೆಸಿದರು. ಒಂದರಲ್ಲಿ ಚೆಂಡನ್ನು ಡ್ರಿಬಲ್ ಮಾಡುವಂತಿಲ್ಲ, ಬಂದ ಚೆಂಡನ್ನು ತಕ್ಷಣ ಪಾಸ್ ಮಾಡಬೇಕು. ಇನ್ನೊಂದರಲ್ಲಿ ದುರ್ಬಲ ಕಾಲಿನಿಂದಲೇ ಆಡಬೇಕು. ಬಲಗಾಲಿನವನಿಗೆ ಎಡಗಾಲೇ ಗತಿ. ಮತ್ತೊಂದು, ಕುಳ್ಳ ಹುಡುಗರಿಗೆ ಮಾತ್ರ.

ಯೋಚಿಸಿ ನೋಡ್ರಿ, ಇದಕ್ಕೆ ಖರ್ಚು ಎಷ್ಟು? ಏನೂ ಇಲ್ಲ. ನಿಯಮ ಬದಲಿಸಿದರು, ಅಷ್ಟೇ. ಆದರೆ ಎಡಗಾಲಿನಿಂದಲೂ ಹೊಡೆಯಬಲ್ಲ, ಚೆಂಡನ್ನು ತನ್ನದೇ ಆಸ್ತಿ ಅಂದುಕೊಳ್ಳದೆ ಜೊತೆಗಾರನಿಗೆ ಕೊಡಬಲ್ಲ ಹುಡುಗರ ಒಂದು ಪೀಳಿಗೆಯೇ ಹೈದರಾಬಾದಿನಲ್ಲಿ ತಯಾರಾಯಿತು. ಒಬ್ಬನೇ ಹೀರೊ ಮೂರು ಜನರನ್ನು ದಾಟಿಕೊಂಡು ಹೋಗುವ ಆಟಕ್ಕೆ ಚಪ್ಪಾಳೆ ಹೊಡೆಯುತ್ತಿದ್ದ ದೇಶದಲ್ಲಿ ಇದು ಸಣ್ಣ ಬದಲಾವಣೆಯಲ್ಲ.

ಪೊಲೀಸ್ ತಂಡದ ಐದು ಕಪ್ಪುಗಳು

ಹೈದರಾಬಾದ್ ಸಿಟಿ ಪೊಲೀಸ್ ತಂಡ ರಹೀಮ್ ಕೈಗೆ ಬರುವ ಮೊದಲೇ ಹೆಸರು ಮಾಡಿತ್ತು. ಅದು ದೊಡ್ಡದಾಗಿ ಸದ್ದು ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ: 1943ರ ಆಶ್ ಗೋಲ್ಡ್ ಕಪ್‌ನಲ್ಲಿ ಬ್ರಿಟಿಷ್ ವಾಯುಪಡೆಯ ತಂಡವನ್ನು ಸೋಲಿಸಿತು. ಆ ವಾಯುಪಡೆ ತಂಡದಲ್ಲಿ ಇಂಗ್ಲೆಂಡಿನ ಕ್ರಿಕೆಟ್ ತಾರೆ ಡೆನಿಸ್ ಕಾಂಪ್ಟನ್ ಇದ್ದರು. ಅವರು ಆರ್ಸೆನಲ್ ಆಟಗಾರರೂ ಹೌದು. ಬೆಂಗಳೂರಿಗೂ ಇಂಥ ಗೆಲುವು ಹೊಸದಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಗೆ ಹೋಗಿ, ಬ್ರಿಟಿಷ್ ಪಲ್ಟನ್‌ಗಳ ಸ್ವಂತ ಆಸ್ತಿಯಂತಿದ್ದ ರೋವರ್ಸ್ ಕಪ್ಪನ್ನು ಕಿತ್ತುಕೊಂಡು ಬಂದಿತ್ತು, ಮರುವರ್ಷ ಮತ್ತೆ ಗೆದ್ದಿತ್ತು.

ರಹೀಮ್ ಕಾಲದಲ್ಲಿ ಹೈದರಾಬಾದ್ ಪೊಲೀಸರು ಅದೇ ರೋವರ್ಸ್ ಕಪ್ಪನ್ನು 1950ರಿಂದ 1954ರವರೆಗೆ ಸತತ ಐದು ವರ್ಷ ಗೆದ್ದರು. ಬಡ ಮನೆಯ ಹುಡುಗನಿಗೆ ಪೊಲೀಸ್ ಇಲಾಖೆಯಲ್ಲಿ ನೌಕರಿ, ತಿಂಗಳ ಪಗಾರ, ಬೆಳಿಗ್ಗೆ–ಸಂಜೆ ಆಟ. ಆ ಕಾಲದ ಭಾರತೀಯ ಫುಟ್‌ಬಾಲಿನ ದೊಡ್ಡ ಭಾಗ ನಿಂತಿದ್ದು ಇಂಥ ಸರ್ಕಾರಿ ನೌಕರಿಯ ಮೇಲೆ. ಸಿಕಂದರಾಬಾದಿನ ಅಮ್ಮುಗುಡದ ತುಳಸಿದಾಸ್ ಬಲರಾಮ್ ಎಂಬ ಹುಡುಗನಿಗೆ ಅಭ್ಯಾಸಕ್ಕೆ ಬಂದು ಹೋಗಲು ದುಡ್ಡಿಲ್ಲದಾಗ, ಬಾಡಿಗೆ ಸೈಕಲ್ಲಿನ ಖರ್ಚನ್ನು ರಹೀಮರೇ ಕೊಟ್ಟರು. ಆ ಬಲರಾಮ್ ಮುಂದೆ ಎರಡು ಒಲಿಂಪಿಕ್ಸ್ ಆಡಿದರು.

ಇಲ್ಲಿ ರಾಜಕೀಯದ ಒಂದು ಮಾತು ಹೇಳಲೇಬೇಕು. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ಹೈದರಾಬಾದ್ ಭಾರತಕ್ಕೆ ಸೇರಿತು. ರಜಾಕಾರರ ಹಿಂಸೆ, ಅದರ ಬೆನ್ನಿಗೆ ಮುಸ್ಲಿಮರ ಮೇಲೆ ನಡೆದ ಹಿಂಸೆ, ಎರಡನ್ನೂ ಕಂಡ ನೆಲ ಅದು; ಕಲ್ಯಾಣ ಕರ್ನಾಟಕದ ಹಿರಿಯರಿಗೆ ಈ ಕತೆ ಗೊತ್ತು. ಇದಾಗಿ ಮೂರು ವರ್ಷ ತುಂಬುವುದರೊಳಗೆ, 1951ರ ಮಾರ್ಚ್‌ನಲ್ಲಿ, ದೆಹಲಿಯ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಭಾರತ ತಂಡದ ತರಬೇತುದಾರನಾಗಿ ನಿಂತವರು ಹೈದರಾಬಾದಿನ ಈ ಮುಸ್ಲಿಂ ಮಾಸ್ತರ. ಫೈನಲ್‌ನಲ್ಲಿ ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಇರಾನ್ ಸೋತಿತು. ಹೊಸ ಗಣರಾಜ್ಯಕ್ಕೆ ಫುಟ್‌ಬಾಲಿನ ಮೊದಲ ಚಿನ್ನ ಬಂತು. ದೇಶಭಕ್ತಿಯ ಪ್ರಮಾಣಪತ್ರ ಹಂಚುವ ಅಂಗಡಿಗಳು ಬೀದಿಬೀದಿಯಲ್ಲಿ ತೆರೆದಿರುವ ಈ ಹೊತ್ತಿನಲ್ಲಿ ಇದನ್ನು ನೆನೆಸಿಕೊಳ್ಳುವುದು ಒಳ್ಳೆಯದು.

ಹತ್ತು ಗೋಲಿನ ಪಾಠ

ರಹೀಮ್ ಬರೀ ಗೆದ್ದವರಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಭಾರತಕ್ಕೆ 10 ಗೋಲು ಹೊಡೆಯಿತು. ಭಾರತದ ಒಂದೇ ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. (1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಒಂದೇ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಬೆಂಗಳೂರಿನವರೇ.) ಚಳಿಯ ನೆಲದಲ್ಲಿ ನಮ್ಮ ಹಲವು ಆಟಗಾರರು ಬರಿಗಾಲಲ್ಲಿ ಆಡಿದ್ದರು. ಬರಿಗಾಲಿನ ಆಟ ನಮ್ಮ ಹೆಮ್ಮೆ ಅಂತ ಹಾಡಿಹೊಗಳುತ್ತಿದ್ದವರಿಗೆ ಅದು ಬಿದ್ದ ಪೆಟ್ಟು. ಅಲ್ಲಿಂದ ಬಂದ ಮೇಲೆ ಫುಟ್‌ಬಾಲ್ ಒಕ್ಕೂಟ ಬೂಟು ಕಡ್ಡಾಯ ಮಾಡಿತು.

ಮುಂದಿನ ವರ್ಷಗಳಲ್ಲಿ, ಅಂದರೆ ಕೊಲಂಬೊ ಕಪ್ ನಡೆದ ವರ್ಷಗಳಲ್ಲಿ, ರಾಷ್ಟ್ರೀಯ ತಂಡದ ಹೊಣೆ ಯಾವಾಗಲೂ ರಹೀಮರ ಕೈಯಲ್ಲೇ ಇರಲಿಲ್ಲ. ಆದರೆ ಹೈದರಾಬಾದಿನಲ್ಲಿ ಅವರ ಪ್ರಯೋಗ ನಿಲ್ಲಲಿಲ್ಲ. ಆ ಹೊತ್ತಿಗೆ ಜಗತ್ತನ್ನು ಬೆರಗುಗೊಳಿಸಿದ್ದ ಹಂಗೇರಿ ತಂಡದ ಹಾಗೆ ಸೆಂಟರ್ ಫಾರ್ವರ್ಡನ್ನು ಸ್ವಲ್ಪ ಹಿಂದಕ್ಕೆ ಇಟ್ಟು ಆಡಿಸುವುದನ್ನು ಅವರು ನಮ್ಮವರಿಗೂ ಕಲಿಸಿದರು.

1956ರಲ್ಲಿ ಎರಡು ಸಂಗತಿ ಬೆನ್ನುಬೆನ್ನಿಗೆ ನಡೆದವು. ನವೆಂಬರ್ 1ರಂದು ರಹೀಮ್ ಹುಟ್ಟಿ ಬೆಳೆದ ಹೈದರಾಬಾದ್ ರಾಜ್ಯವೇ ನಕಾಶೆಯಿಂದ ಅಳಿಸಿಹೋಯಿತು. ತೆಲುಗು ಜಿಲ್ಲೆಗಳು ಆಂಧ್ರಕ್ಕೆ, ಮರಾಠಿ ಜಿಲ್ಲೆಗಳು ಮುಂಬೈ ರಾಜ್ಯಕ್ಕೆ, ಕನ್ನಡ ಜಿಲ್ಲೆಗಳು ಮೈಸೂರಿಗೆ ಹೋದವು. ಅದೇ ದಿನ ನಮ್ಮ ಧಾರವಾಡವೂ ಮುಂಬೈ ರಾಜ್ಯ ಬಿಟ್ಟು ಮೈಸೂರಿಗೆ ಬಂತು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ರಹೀಮರ ತಂಡ ಆಸ್ಟ್ರೇಲಿಯಾವನ್ನು ಅದರ ನೆಲದಲ್ಲೇ 4–2ರಿಂದ ಸೋಲಿಸಿತು. ನೆವಿಲ್ ಡಿಸೋಜ ಹ್ಯಾಟ್ರಿಕ್ ಹೊಡೆದರು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಏಷ್ಯಾದವರೊಬ್ಬರ ಮೊದಲ ಹ್ಯಾಟ್ರಿಕ್ ಅದು. ತಂಡದಲ್ಲಿ ಬೆಂಗಳೂರಿನ ಕೆಂಪಯ್ಯ ಇದ್ದರು. ಸೆಮಿಫೈನಲ್‌ನಲ್ಲಿ ಮತ್ತೆ ಯುಗೊಸ್ಲಾವಿಯಾ ಎದುರಾಯಿತು. ಈ ಸಲ ಮೊದಲ ಗೋಲು ಭಾರತದ್ದೇ, ಕೊನೆಗೆ 1–4ರ ಸೋಲು. ಭಾರತಕ್ಕೆ ನಾಲ್ಕನೇ ಸ್ಥಾನ. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ನಾವು ಅದಕ್ಕಿಂತ ಮೇಲೆ ಹೋಗಿಯೇ ಇಲ್ಲ. 1960ರ ರೋಮ್‌ನಲ್ಲಿ ಫ್ರಾನ್ಸ್ ಜೊತೆ 1–1ರ ಸಮ. ಅದೇ ಕೊನೆ, ಆಮೇಲೆ ಒಲಿಂಪಿಕ್ಸ್ ಬಾಗಿಲನ್ನೂ ನೋಡಿಲ್ಲ.

ಜಕಾರ್ತಾದ ಒಂದು ಲಕ್ಷ ಜನ

1962ರ ಏಷ್ಯನ್ ಗೇಮ್ಸ್ ಜಕಾರ್ತಾದಲ್ಲಿ. ಆತಿಥೇಯ ಇಂಡೋನೇಷ್ಯಾ ಇಸ್ರೇಲ್ ಮತ್ತು ತೈವಾನ್ ಆಟಗಾರರಿಗೆ ವೀಸಾ ಕೊಡಲಿಲ್ಲ. ಇದನ್ನು ಭಾರತದ ಕ್ರೀಡಾ ಆಡಳಿತಗಾರ ಜಿ.ಡಿ. ಸೋಂಧಿ ಬಹಿರಂಗವಾಗಿ ವಿರೋಧಿಸಿದರು. ಊರಿಗೆ ಊರೇ ಭಾರತದ ಮೇಲೆ ಸಿಟ್ಟಾಯಿತು, ರಾಯಭಾರ ಕಚೇರಿಗೂ ಜನ ನುಗ್ಗಿದರು. ಆಟಗಾರರು ಬಸ್ಸಿನಲ್ಲಿ ತಲೆ ತಗ್ಗಿಸಿ ಕೂತು ಮೈದಾನಕ್ಕೆ ಹೋಗಬೇಕಾಯಿತು.

ರಹೀಮರ ತಂಡ ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾಕ್ಕೆ 0–2ರಿಂದ ಸೋತಿತು. ಆಮೇಲೆ ಥಾಯ್ಲೆಂಡ್, ಜಪಾನ್, ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ, ಒಂದೊಂದನ್ನೇ ದಾಟಿತು. ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾದಾಗ ರಹೀಮ್ ಅವರನ್ನು ಹೊರಗೆ ಕೂರಿಸಲಿಲ್ಲ, ಪಟ್ಟಿ ಕಟ್ಟಿಸಿ ಮುಂದಿನ ಸಾಲಿಗೆ ಕಳಿಸಿದರು. ಫೈನಲ್‌ನ ಹಿಂದಿನ ರಾತ್ರಿ ಹುಡುಗರನ್ನು ಕೂರಿಸಿಕೊಂಡು, ತನಗೆ ಒಂದೇ ಒಂದು ಉಡುಗೊರೆ ಬೇಕು, ಅದು ಚಿನ್ನ ಎಂದು ಕೇಳಿದರಂತೆ. ಆ ಹೊತ್ತಿಗೆ ಕ್ಯಾನ್ಸರ್ ಅವರನ್ನು ಒಳಗೇ ತಿನ್ನುತ್ತಿತ್ತು.

ಸೆಪ್ಟೆಂಬರ್ 4ರಂದು ಸುಮಾರು ಒಂದು ಲಕ್ಷ ಜನರ ಕೂಗಿನ ನಡುವೆ ಮತ್ತೆ ಅದೇ ದಕ್ಷಿಣ ಕೊರಿಯಾ. ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಇನ್ನೊಂದು ಗೋಲು ಹೊಡೆದರು, ಭಾರತ 2–1 ಗೆದ್ದಿತು. ಇಡೀ ಮೈದಾನ ನಮ್ಮ ವಿರುದ್ಧ ಕೂಗುತ್ತಿದ್ದಾಗ ಗ್ಯಾಲರಿಯ ಒಂದು ಮೂಲೆ ಮಾತ್ರ ಭಾರತಕ್ಕಾಗಿ ಚಪ್ಪಾಳೆ ಹೊಡೆಯುತ್ತಿತ್ತು ಎಂದು ಆಟಗಾರರು ಮುಂದೆ ನೆನೆಸಿಕೊಂಡಿದ್ದಾರೆ. ಅಲ್ಲಿ ಕೂತಿದ್ದವರು ಪಾಕಿಸ್ತಾನದ ಹಾಕಿ ತಂಡದವರು. ಅದೇ ಕ್ರೀಡಾಕೂಟದ ಹಾಕಿ ಫೈನಲ್‌ನಲ್ಲಿ ಭಾರತವನ್ನೇ ಸೋಲಿಸಿ ಚಿನ್ನ ಗೆದ್ದಿದ್ದವರು!

1963ರ ಜೂನ್ 11ರಂದು ರಹೀಮ್ ತೀರಿಕೊಂಡರು. ವಯಸ್ಸು 53. ಪದ್ಮಶ್ರೀ ಕೂಡ ಬರಲಿಲ್ಲ. ಅವರ ಮಗ ಸೈಯದ್ ಶಾಹಿದ್ ಹಕೀಮ್ ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದವರು, ಮುಂದೆ ಫಿಫಾ ರೆಫರಿಯಾದರು. 2021ರ ಆಗಸ್ಟ್‌ನಲ್ಲಿ ಅವರು ಕೊನೆಯುಸಿರೆಳೆದದ್ದು ನಮ್ಮ ಕಲಬುರಗಿಯ ಆಸ್ಪತ್ರೆಯಲ್ಲಿ. 1962ರ ನಂತರ ಏಷ್ಯನ್ ಗೇಮ್ಸ್ ಫುಟ್‌ಬಾಲಿನಲ್ಲಿ ಭಾರತಕ್ಕೆ ಚಿನ್ನ ಬಂದಿಲ್ಲ.

ಕಪ್ ನಿಂತಿದ್ದು ಯಾಕೆ ಅಂತ ಕೇಳಬೇಕು

ಪೂರ್ವ ಆಫ್ರಿಕಾದ ಕಡೆ ಒಮ್ಮೆ ನೋಡಿ. 1926ರಲ್ಲಿ ಒಂದು ಸೋಪಿನ ಕಂಪನಿಯ ಹೆಸರಿನಲ್ಲಿ ಕೀನ್ಯಾ ಮತ್ತು ಉಗಾಂಡಾ ನಡುವೆ ಗಾಸೇಜ್ ಕಪ್ ಶುರುವಾಯಿತು. ಆಮೇಲೆ ಟಾಂಗನೀಕಾ, ಜಂಜಿಬಾರ್ ಸೇರಿಕೊಂಡವು. ಬ್ರಿಟಿಷರು ಹೋದರು, ಸೋಪಿನ ಹೆಸರೂ ಹೋಯಿತು, ಕಪ್ ಉಳಿಯಿತು. 1973ರಿಂದ ಅದು ಸೆಕಾಫಾ ಕಪ್. 1978–79ರಲ್ಲಿ ಉಗಾಂಡಾ ಮತ್ತು ತಾಂಜಾನಿಯಾ ಯುದ್ಧವನ್ನೇ ಮಾಡಿದವು, ಆದರೂ ಆ ಎರಡೂ ವರ್ಷ ಪಂದ್ಯಾವಳಿ ನಡೆಯಿತು. ಆ ದೇಶಗಳೂ ಬಡ ದೇಶಗಳೇ, ಅಲ್ಲೂ ಗಡಿ ಜಗಳಗಳಿವೆ, ಅಲ್ಲಿನ ಫುಟ್‌ಬಾಲ್ ಸಂಸ್ಥೆಗಳಲ್ಲೂ ಕಚ್ಚಾಟವಿದೆ. ನಮ್ಮ ನಾಲ್ಕು ದೇಶಗಳ ಕಪ್ ಮಾತ್ರ ನಾಲ್ಕೇ ವರ್ಷಕ್ಕೆ ಮುಗಿಯಿತು. ಅಂಥದ್ದೊಂದು ಪಂದ್ಯಾವಳಿ ದಕ್ಷಿಣ ಏಷ್ಯಾಕ್ಕೆ ಮತ್ತೆ ಕಾಯಂ ಆಗಿ ಬರಲು 1990ರ ದಶಕದವರೆಗೆ ಕಾಯಬೇಕಾಯಿತು.

ಅಷ್ಟು ಕಾಲ ನಾವು ನೆರೆಯವರ ಜೊತೆ ಅಂಥದ್ದೊಂದು ಕಪ್ ಆಡುವುದನ್ನೇ ಬಿಟ್ಟಿದ್ದೆವು. ಪಕ್ಕದ ಮನೆಯವರ ಜೊತೆ ಆಡಿ ಆಡಿಯೇ ಆಟ ಬೆಳೆಯುವುದು, ಇದು ಗಲ್ಲಿ ಕ್ರಿಕೆಟ್ ಆಡಿದ ಎಲ್ಲರಿಗೂ ಗೊತ್ತು. ಅದರ ಬದಲು ನಮ್ಮಲ್ಲಿ ಬೆಳೆದದ್ದು ಆಡಳಿತಗಾರರ ಜಗಳ. 2022ರ ಆಗಸ್ಟ್‌ನಲ್ಲಿ ಫಿಫಾ ನಮ್ಮ ಒಕ್ಕೂಟವನ್ನೇ 11 ದಿನ ಅಮಾನತಿನಲ್ಲಿಟ್ಟಿತು.

ಕರ್ನಾಟಕದ ಹುಡುಗರಲ್ಲಿ ಕಸುವಿಲ್ಲ ಅಂತಲ್ಲ. ಮೈಸೂರು ಹೆಸರಿನಲ್ಲಿ 1969ರ ಹೊತ್ತಿಗೆ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದ ರಾಜ್ಯ ನಮ್ಮದು. ಐದನೆಯದಕ್ಕೆ 2023ರವರೆಗೆ ಕಾದೆವು. ಹುಬ್ಬಳ್ಳಿಯ ನೆಹರೂ ಮೈದಾನದಲ್ಲಿ ಪಕ್ಷಗಳ ಸಮಾವೇಶಕ್ಕೆ ಪೆಂಡಾಲ್ ಏಳುವುದನ್ನು ನಾವೆಲ್ಲ ನೋಡಿದ್ದೇವೆ. ಮುಂದಿನ ಸಲ ಯಾರಾದರೂ ಅಲ್ಲಿ ವೇದಿಕೆ ಹತ್ತಿ ಯುವಶಕ್ತಿಯ ಬಗ್ಗೆ ಭಾಷಣ ಶುರು ಮಾಡಿದರೆ ಎರಡು ಪ್ರಶ್ನೆ ಕೇಳಿ: ನಮ್ಮ ಸರ್ಕಾರಿ ಸಾಲಿಗಳಲ್ಲಿ ಆಟದ ಮಾಸ್ತರರ ಹುದ್ದೆ ಎಷ್ಟು ಖಾಲಿ ಅದಾವ? ಆಡೋ ಹುಡುಗನಿಗೆ ಪೊಲೀಸ್, ರೈಲ್ವೆಯಲ್ಲಿ ನೌಕರಿ ಎಷ್ಟು ಉಳಿದಾವ? ರಹೀಮ್ ಒಬ್ಬ ಸರ್ಕಾರಿ ಪಗಾರದ ಮಾಸ್ತರ. ಅವರು ಕಟ್ಟಿದ ತಂಡ ಪೊಲೀಸ್ ಪೇದೆಗಳದು. ಇವೆರಡೂ ಇಲ್ಲದಿದ್ದರೆ ಜಕಾರ್ತಾದ ಚಿನ್ನವೂ ಇರುತ್ತಿರಲಿಲ್ಲ.