ಡಬ್ಲ್ಯು. ರಿಚರ್ಡ್ ಸ್ಟೀವನ್ಸ್

ವಿಲಿಯಂ ರಿಚರ್ಡ್ ಸ್ಟೀವನ್ಸ್ (5 ಫೆಬ್ರವರಿ 1951 – 1 ಸೆಪ್ಟೆಂಬರ್ 1999) ಯುನಿಕ್ಸ್ ಕಾರ್ಯಾಚರಣಾ ವ್ಯವಸ್ಥೆ ಹಾಗೂ ಗಣಕಜಾಲಗಳನ್ನು ಕುರಿತ ಗ್ರಂಥಗಳಿಂದ ಪ್ರಸಿದ್ಧರಾದ ಲೇಖಕರು.

ಇಂದಿನ ಜಾಂಬಿಯಾ ದೇಶದ ಲುವಾನ್ಷ್ಯದಲ್ಲಿ ಜನಿಸಿದ ಇವರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಿಂದ 1973ರಲ್ಲಿ ಪದವಿಯನ್ನೂ ಅರಿಜೋನಾ ವಿಶ್ವವಿದ್ಯಾಲಯದಿಂದ 1982ರಲ್ಲಿ ಡಾಕ್ಟರೇಟ್ ಪದವಿಯನ್ನೂ ಪಡೆದರು. ಇವರ ಮೊದಲ ಗ್ರಂಥ ‘ಯುನಿಕ್ಸ್ ನೆಟ್‌ವರ್ಕ್ ಪ್ರೋಗ್ರಾಮಿಂಗ್’ 1990ರಲ್ಲಿ ಪ್ರಕಟವಾಯಿತು.

ಗ್ಯಾರಿ ರೈಟ್ ಅವರೊಡನೆ 1995ರಲ್ಲಿ ಹೊರತಂದ ‘ಟಿಸಿಪಿ/ಐಪಿ ಇಲ್ಲಸ್ಟ್ರೇಟೆಡ್’ ಎರಡನೆಯ ಸಂಪುಟವು ಬಿಎಸ್‌ಡಿ ಯುನಿಕ್ಸ್‌ನ ಜಾಲ ವಿಭಾಗಕ್ಕೆ ಸೇರಿದ ಸುಮಾರು 15,000 ಸಾಲುಗಳ ಸಿ ಭಾಷೆಯ ಕೋಡನ್ನು ವಿವರಿಸುತ್ತದೆ. ಫಂಕ್ಷನ್ ಒಂದನ್ನು ಕರೆದಾಗಲೆಲ್ಲ ಗಣಕವು ಮರಳಬೇಕಾದ ಸ್ಥಳವನ್ನು ನೆನಪಿಟ್ಟು, ಬೇಕಾದ ಮೌಲ್ಯಗಳನ್ನು ಒಪ್ಪಿಸಿ, ಕೆಲಸ ಮುಗಿದ ಬಳಿಕ ಹಿಂದಿರುಗಬೇಕಾಗುತ್ತದೆ. ಈ ಹೊರೆ ಚಿಕ್ಕದಾದರೂ, ಪ್ರತಿಯೊಂದು ಪ್ಯಾಕೆಟ್‌ಗೂ ಹಲವು ಬಾರಿ ಬೀಳುವುದರಿಂದ ವೇಗ ಕುಗ್ಗುತ್ತದೆ. ಇದನ್ನು ತಪ್ಪಿಸಲು, ಪ್ಯಾಕೆಟ್‌ನ ದತ್ತಾಂಶವನ್ನು ಹಿಡಿದಿಡುವ ‘ಎಂಬಫ್’ಗಳನ್ನು ಪಡೆಯುವಂತಹ ಕಾರ್ಯಗಳಿಗೆ ಬಿಎಸ್‌ಡಿಯಲ್ಲಿ ಮ್ಯಾಕ್ರೋಗಳನ್ನು ರಚಿಸಲಾಗಿತ್ತು. ಮ್ಯಾಕ್ರೋವಿನ ಸಾಲುಗಳು ಅದನ್ನು ಬಳಸಿದ ಎಲ್ಲ ಕಡೆಯೂ ನಕಲಾಗುವುದರಿಂದ ಕರೆಯ ಹೊರೆ ಇಲ್ಲವಾಗುತ್ತದೆ. ಆದರೆ ಕೋಡಿನ ಗಾತ್ರ ಹಿಗ್ಗುತ್ತದೆ. ಆದ್ದರಿಂದ ವೇಗ ಅಷ್ಟು ಮುಖ್ಯವಲ್ಲದ ಕಡೆ ಬಳಸಲು ಅದೇ ಕಾರ್ಯಕ್ಕೆ ಫಂಕ್ಷನ್ ರೂಪವನ್ನೂ ಒದಗಿಸಲಾಗಿತ್ತು. ಇಂತಹ ಆಯ್ಕೆಗಳ ಲಾಭನಷ್ಟಗಳನ್ನು ಮೂಲ ಕೋಡನ್ನೇ ಮುಂದಿಟ್ಟು ತಿಳಿಸಿದ್ದು ಈ ಗ್ರಂಥದ ಹಿರಿಮೆ. ತಜ್ಞರಿಗಷ್ಟೇ ನಿಲುಕುತ್ತಿದ್ದ ಈ ವಿಷಯವನ್ನು ವಿದ್ಯಾರ್ಥಿಗಳೂ ಸಾಲು ಸಾಲಾಗಿ ಓದಿ ಅರಿಯುವಂತಾಯಿತು.

ಸ್ಟೀವನ್ಸ್ ತಮ್ಮ 48ನೆಯ ವಯಸ್ಸಿನಲ್ಲಿ ನಿಧನರಾದರು. 2000ದಲ್ಲಿ ಯೂಸ್‌ನಿಕ್ಸ್ ಸಂಸ್ಥೆಯು ಇವರಿಗೆ ಮರಣೋತ್ತರವಾಗಿ ಜೀವಮಾನ ಸಾಧನೆಯ ಪ್ರಶಸ್ತಿಯನ್ನು ನೀಡಿತು. ಇವರ ಪ್ರಮುಖ ಗ್ರಂಥಗಳನ್ನು ಅನಂತರ ಬೇರೆ ಲೇಖಕರು ಪರಿಷ್ಕರಿಸಿ ಹೊರತಂದಿದ್ದಾರೆ.