ಫ್ರೆಡ್ ಆಸ್ಟೇರ್

ಫ್ರೆಡ್ ಆಸ್ಟೇರ್ (ಮೇ 10, 1899 – ಜೂನ್ 22, 1987) ಅಮೆರಿಕದ ಹೆಸರಾಂತ ನರ್ತಕರು, ನಟರು, ಗಾಯಕರು ಹಾಗೂ ನೃತ್ಯ ಸಂಯೋಜಕರು. ಹಾಲಿವುಡ್‌ನ ಸಂಗೀತಮಯ ಚಿತ್ರಗಳಲ್ಲಿ ನೃತ್ಯವನ್ನು ತೋರಿಸುವ ಕ್ರಮವನ್ನೇ ಬದಲಾಯಿಸಿದ ಕೀರ್ತಿ ಇವರದು. ನರ್ತಕರ ದೇಹ ಅಡಿಯಿಂದ ಮುಡಿಯವರೆಗೂ ಕಾಣಬೇಕು, ನೃತ್ಯ ಆದಷ್ಟೂ ತುಂಡಾಗದೆ ಸಾಗಬೇಕು ಎಂದು ಇವರು ಪಟ್ಟುಹಿಡಿದರು. ಇವರ ಚಿತ್ರಗಳು ನೃತ್ಯಪ್ರಿಯರಿಗೆ ಇಂದಿಗೂ ಆನಂದ ನೀಡಲು ಇದೇ ಮುಖ್ಯ ಕಾರಣ.

ಬಾಲ್ಯ ಮತ್ತು ರಂಗಭೂಮಿ

ಆಸ್ಟೇರ್ ನೆಬ್ರಾಸ್ಕ ರಾಜ್ಯದ ಓಮಾಹಾ ನಗರದಲ್ಲಿ ಜನಿಸಿದರು. ಜನ್ಮನಾಮ ಫ್ರೆಡರಿಕ್ ಆಸ್ಟರ್‌ಲಿಟ್ಜ್. ತಂದೆ ಆಸ್ಟ್ರಿಯದಿಂದ ವಲಸೆ ಬಂದವರು. ಅಕ್ಕ ಅಡೆಲ್‌ಳ ನೃತ್ಯಪ್ರತಿಭೆಯನ್ನು ಗುರುತಿಸಿದ ತಾಯಿ, 1905ರಲ್ಲಿ ಇಬ್ಬರು ಮಕ್ಕಳನ್ನೂ ನ್ಯೂಯಾರ್ಕ್‌ಗೆ ಕರೆತಂದು ನೃತ್ಯ ಕಲಿಸಿದರು. ಅಕ್ಕ-ತಮ್ಮ ಜೋಡಿ ಮೊದಲು ವಿನೋದಾವಳಿ ರಂಗಮಂದಿರಗಳಲ್ಲಿಯೂ, ನಂತರ ಬ್ರಾಡ್‌ವೇ ಮತ್ತು ಲಂಡನ್ ರಂಗಭೂಮಿಗಳಲ್ಲಿಯೂ ಜನಪ್ರಿಯವಾಯಿತು. ಜಾರ್ಜ್ ಗರ್ಶ್ವಿನ್ ಸಂಗೀತ ನೀಡಿದ 'ಲೇಡಿ, ಬಿ ಗುಡ್' (1924) ಇವರ ಯಶಸ್ವಿ ಪ್ರಯೋಗಗಳಲ್ಲೊಂದು. ಜೋಡಿಯ ಮುಖ್ಯ ಆಕರ್ಷಣೆ ಅಡೆಲ್ ಎಂದೇ ಆಗ ಭಾವಿಸಲಾಗಿತ್ತು. 1932ರಲ್ಲಿ ಆಕೆ ವಿವಾಹವಾಗಿ ರಂಗಭೂಮಿ ತೊರೆದಾಗ ಆಸ್ಟೇರ್ ಒಬ್ಬಂಟಿಯಾಗಿ ಮುಂದುವರಿಯಬೇಕಾಯಿತು.

ಚಿತ್ರರಂಗ

1933ರ 'ಫ್ಲೈಯಿಂಗ್ ಡೌನ್ ಟು ರಿಯೊ' ಚಿತ್ರದಲ್ಲಿ ಇವರು ಜಿಂಜರ್ ರೋಜರ್ಸ್ ಜೊತೆ ಮೊದಲ ಬಾರಿಗೆ ತೆರೆಯ ಮೇಲೆ ನರ್ತಿಸಿದರು. 'ಟಾಪ್ ಹ್ಯಾಟ್' (1935), 'ಸ್ವಿಂಗ್ ಟೈಮ್' (1936) ಸೇರಿದಂತೆ ಇಬ್ಬರೂ ಒಟ್ಟು 10 ಚಿತ್ರಗಳಲ್ಲಿ ಜೊತೆಯಾದರು. ಆರ್ಥಿಕ ಮಹಾಕುಸಿತದ ಸಂಕಷ್ಟದ ದಿನಗಳಲ್ಲಿ ಈ ಚಿತ್ರಗಳು ಜನರಿಗೆ ನೆಮ್ಮದಿ ನೀಡಿದವು. ಮುಂದೆ ಎಲೀನರ್ ಪೊವೆಲ್, ರೀಟಾ ಹೇವರ್ತ್, ಸಿಡ್ ಚಾರಿಸ್ ಮೊದಲಾದವರೊಂದಿಗೂ ಆಸ್ಟೇರ್ ನರ್ತಿಸಿದರು.

ನೃತ್ಯದ ಚಿತ್ರೀಕರಣ

1930ರ ದಶಕದ ಆರಂಭದಲ್ಲಿ ಬಸ್ಬಿ ಬರ್ಕ್ಲಿಯವರ ಶೈಲಿ ಪ್ರಸಿದ್ಧವಾಗಿತ್ತು. ಅದರಲ್ಲಿ ನರ್ತಕಿಯರ ಸಮೂಹವನ್ನು ಮೇಲಿನಿಂದ ಚಿತ್ರೀಕರಿಸಿ, ರಂಗೋಲಿಯಂತಹ ವಿನ್ಯಾಸಗಳನ್ನು ಮೂಡಿಸಲಾಗುತ್ತಿತ್ತು. ಅಲ್ಲಿ ಚಮತ್ಕಾರ ಕ್ಯಾಮೆರಾದ್ದು. ಆಸ್ಟೇರ್ ಚಿತ್ರಗಳಲ್ಲಿ ಅದು ನರ್ತಕರದು. ಪಾದವನ್ನೋ ಮುಖವನ್ನೋ ಮಾತ್ರ ತೋರಿಸುವ ಸಮೀಪ ಚಿತ್ರಿಕೆಗಳನ್ನು ಇವರು ಆದಷ್ಟೂ ದೂರವಿಟ್ಟರು.

ಈ ಕ್ರಮದಲ್ಲಿ ತಪ್ಪನ್ನು ಸಂಕಲನದಿಂದ ಮರೆಮಾಚುವುದು ಕಷ್ಟ. ಆದ್ದರಿಂದ ನೃತ್ಯ ಸಂಯೋಜಕ ಹರ್ಮಿಸ್ ಪ್ಯಾನ್ ಜೊತೆಗೂಡಿ ಇವರು ವಾರಗಟ್ಟಲೆ ಅಭ್ಯಾಸ ನಡೆಸುತ್ತಿದ್ದರು. 'ಸ್ವಿಂಗ್ ಟೈಮ್' ಚಿತ್ರದ ಒಂದು ನೃತ್ಯಕ್ಕೆ ಸುಮಾರು 47 ಬಾರಿ ಚಿತ್ರೀಕರಣ ನಡೆದು, ರೋಜರ್ಸ್ ಅವರ ಪಾದಗಳಿಂದ ರಕ್ತ ಒಸರಿತ್ತು. ತೆರೆಯ ಮೇಲಿನ ಸರಾಗತೆಯ ಹಿಂದೆ ಇಂತಹ ಶ್ರಮವಿತ್ತು.

'ರಾಯಲ್ ವೆಡ್ಡಿಂಗ್' (1951) ಚಿತ್ರದಲ್ಲಿ ಇವರು ಗೋಡೆ ಮತ್ತು ಮೇಲ್ಛಾವಣಿಯ ಮೇಲೆ ನರ್ತಿಸುವಂತೆ ಕಾಣುತ್ತಾರೆ. ಇದಕ್ಕಾಗಿ ಇಡೀ ಕೋಣೆಯನ್ನೇ ಉರುಳುವಂತೆ ನಿರ್ಮಿಸಿ, ಕ್ಯಾಮೆರಾವನ್ನೂ ಅದಕ್ಕೆ ಬಿಗಿಯಲಾಗಿತ್ತು. ಕೋಣೆ ತಿರುಗಿದಂತೆ ಕ್ಯಾಮೆರಾವೂ ತಿರುಗುತ್ತಿದ್ದುದರಿಂದ ಪ್ರೇಕ್ಷಕರಿಗೆ ಕೋಣೆ ನಿಶ್ಚಲವಾಗಿ ಕಾಣುತ್ತದೆ.

ಕಪ್ಪು ನರ್ತಕರ ಪರಂಪರೆ ಮತ್ತು ಟೀಕೆ

ಪಾದರಕ್ಷೆಯ ಲೋಹದ ಪಟ್ಟಿಗಳಿಂದ ನೆಲ ತಟ್ಟಿ ತಾಳ ಹೊಮ್ಮಿಸುವ ಟ್ಯಾಪ್ ನೃತ್ಯ ಆಸ್ಟೇರ್ ಶೈಲಿಯ ಒಂದು ಪ್ರಮುಖ ಅಂಗ. ಇದರ ಬೆಳವಣಿಗೆಯಲ್ಲಿ ಆಫ್ರಿಕನ್-ಅಮೆರಿಕನ್ ನರ್ತಕರ ಪಾತ್ರ ಹಿರಿದು. ಹಿರಿಯ ಟ್ಯಾಪ್ ನರ್ತಕ ಬಿಲ್ ರಾಬಿನ್ಸನ್ ಅವರಿಗೆ ಗೌರವ ಸಲ್ಲಿಸಲು 'ಸ್ವಿಂಗ್ ಟೈಮ್' ಚಿತ್ರದಲ್ಲಿ ಆಸ್ಟೇರ್ ಮುಖಕ್ಕೆ ಕಪ್ಪು ಬಣ್ಣ ಬಳಿದು ನರ್ತಿಸಿದರು. ಈ ವೇಷವನ್ನು ವರ್ಣಭೇದದ ಕುರುಹೆಂದು ಇಂದು ಟೀಕಿಸಲಾಗುತ್ತದೆ. ಆ ಕಾಲದಲ್ಲಿ ನಿಕೊಲಸ್ ಸಹೋದರರಂತಹ ಅಪ್ರತಿಮ ಕಪ್ಪು ನರ್ತಕರಿಗೆ ಹಾಲಿವುಡ್ ನಾಯಕ ಪಾತ್ರಗಳನ್ನು ನೀಡುತ್ತಿರಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಸುಲಭವಾಗಿ ಕತ್ತರಿಸಿ ತೆಗೆಯಬಹುದಾದ ಬಿಡಿ ದೃಶ್ಯಗಳಿಗೆ ಅವರನ್ನು ಸೀಮಿತಗೊಳಿಸಲಾಗುತ್ತಿತ್ತು.

ಕೊನೆಯ ವರ್ಷಗಳು

1946ರಲ್ಲಿ ನಿವೃತ್ತಿ ಘೋಷಿಸಿದ್ದ ಆಸ್ಟೇರ್, ಗಾಯಗೊಂಡ ಜೀನ್ ಕೆಲ್ಲಿಯವರ ಬದಲಿಗೆ 'ಈಸ್ಟರ್ ಪರೇಡ್' (1948) ಚಿತ್ರದ ಮೂಲಕ ಮರಳಿದರು. 1950ರಲ್ಲಿ ಗೌರವ ಆಸ್ಕರ್ ಪ್ರಶಸ್ತಿ ಸ್ವೀಕರಿಸಿದರು. 1954ರಲ್ಲಿ ಪತ್ನಿ ಫಿಲಿಸ್ ಕ್ಯಾನ್ಸರ್‌ನಿಂದ ತೀರಿಕೊಂಡ ದುಃಖದ ನಡುವೆಯೂ ನಟನೆ ಮುಂದುವರಿಸಿದರು. 'ಫಿನಿಯನ್ಸ್ ರೇನ್‌ಬೋ' (1968) ಇವರ ಕೊನೆಯ ಸಂಗೀತಮಯ ಚಿತ್ರ. 1987ರಲ್ಲಿ ನ್ಯುಮೋನಿಯಾದಿಂದ ಲಾಸ್ ಏಂಜಲೀಸ್‌ನಲ್ಲಿ ನಿಧನರಾದರು. ಬ್ಯಾಲೆ ಸಂಯೋಜಕ ಜಾರ್ಜ್ ಬ್ಯಾಲೆಂಚೀನ್, ನರ್ತಕ ಮಿಖಾಯಿಲ್ ಬರಿಷ್ನಿಕೋವ್ ಮುಂತಾದವರು ಇವರ ಕಲೆಯನ್ನು ಬಹುವಾಗಿ ಮೆಚ್ಚಿಕೊಂಡಿದ್ದರು.