ಬೆಳಕಿನ ಲೆಕ್ಕ ಬರೆದ ವಿಜ್ಞಾನಿ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಬಿಸಿಲಿಗೆ ಎಂದೂ ಬರವಿಲ್ಲ. ಆದರೂ 2002ರಲ್ಲಿ ವರದಿ ಸಲ್ಲಿಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 35 ಸೂಚ್ಯಂಕಗಳ ಆಧಾರದಲ್ಲಿ ರಾಜ್ಯದ ತಾಲ್ಲೂಕುಗಳನ್ನು ಅಳೆದಾಗ, ಈ ಮೂರೂ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿಗೆ ಸೇರಿದವು. ಭೀಮೆಯ ದಂಡೆಯ ಈ ಸೀಮೆಯಲ್ಲಿ ಮಾಳಿಗೆಯ ಮೇಲೊಂದು ಸೌರಫಲಕ, ಒಳಗೊಂದು ಬ್ಯಾಟರಿ ಕಂಡಾಗಲೆಲ್ಲ ನನಗೆ ನೆನಪಾಗುವವರು ಪ್ರೊ. ಅಮೂಲ್ಯ ಕುಮಾರ್ ಎನ್. ರೆಡ್ಡಿ. ಅವರ ಕಾರ್ಯಕ್ಷೇತ್ರ ಇದಾಗಿರಲಿಲ್ಲ. ಆದರೆ ಈ ಸೀಮೆಯ ಪ್ರಶ್ನೆಗೆ ಅವರ ಬದುಕಿನಲ್ಲಿ ಉತ್ತರವಿದೆ.

1930ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ರೆಡ್ಡಿಯವರು ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿನಿಂದ 1958ರಲ್ಲಿ ಡಾಕ್ಟರೇಟ್ ಪಡೆದರು. ಅವರ ಶಾಸ್ತ್ರ ವಿದ್ಯುತ್ ರಸಾಯನ, ಅಂದರೆ ಬ್ಯಾಟರಿಯ ಮೂಲವಿಜ್ಞಾನ. ಕಾರೈಕುಡಿ ಮತ್ತು ಅಮೆರಿಕದಲ್ಲಿ ದುಡಿದು, 1966ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಜಾನ್ ಬಾಕ್ರಿಸ್ ಅವರೊಡನೆ ಬರೆದು 1970ರಲ್ಲಿ ಹೊರತಂದ ಪಠ್ಯಗ್ರಂಥ ಜಗತ್ತಿನ ವಿಶ್ವವಿದ್ಯಾಲಯಗಳಲ್ಲಿ ಮನ್ನಣೆ ಗಳಿಸಿತು. ಕೀರ್ತಿ ಕೈಗೆ ಬಂದ ಹೊತ್ತಿನಲ್ಲೇ ಅವರು ದಾರಿ ಬದಲಿಸಿದರು. ತಮ್ಮ ವಿಜ್ಞಾನದಿಂದ ಹಳ್ಳಿಯ ಬಡವರಿಗೇನು ಬಂತು ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. 1974ರಲ್ಲಿ ಅದೇ ಸಂಸ್ಥೆಯಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಎಂಬ ಕೇಂದ್ರ ಹುಟ್ಟಿತು.

ತುಮಕೂರು ಜಿಲ್ಲೆಯ ಕುಣಿಗಲ್ ಸೀಮೆಯ ಹಳ್ಳಿಗಳಲ್ಲಿ ಅವರ ತಂಡ ಮನೆಮನೆಯ ಇಂಧನದ ಲೆಕ್ಕ ಹಿಡಿಯಿತು. ಸೌದೆ ಎಷ್ಟು, ಸೀಮೆಎಣ್ಣೆ ಎಷ್ಟು, ನೀರು ಹೊರಲು ಹೆಂಗಸರು ಕಳೆಯುವ ಹೊತ್ತೆಷ್ಟು ಎಂಬುದೆಲ್ಲ ದಾಖಲಾಯಿತು. ಪುರ ಎಂಬ ಹಳ್ಳಿಯಲ್ಲಿ ಅಡುಗೆಗೆಂದು ಕಟ್ಟಿದ ಸಾಮುದಾಯಿಕ ಗೋಬರ್ ಅನಿಲ ಸ್ಥಾವರ ಸೋತಿತು. ಊರಿನ ಸಗಣಿ ಎಲ್ಲರ ಒಲೆಗೆ ಸಾಲಲಿಲ್ಲ. ರೆಡ್ಡಿಯವರು ಸೋಲನ್ನು ಮುಚ್ಚಿಡಲಿಲ್ಲ. ಊರವರಿಗೆ ಮೊದಲು ಬೇಕಿದ್ದದ್ದು ಕುಡಿಯುವ ನೀರು ಎಂಬುದನ್ನು ಅರಿತು, 1987ರಿಂದ ಅದೇ ಅನಿಲದಿಂದ ಎಂಜಿನ್ ಓಡಿಸಿ ನೀರೆತ್ತಿ, ಮನೆಗಳಿಗೆ ದೀಪ ಕೊಡುವ ವ್ಯವಸ್ಥೆ ರೂಪುಗೊಂಡಿತು. ಅದರ ನಿರ್ವಹಣೆಯನ್ನು ಊರಿನವರೇ ನೋಡಿಕೊಂಡರು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಹೆಚ್ಚು ಮುಖ್ಯವೆನಿಸುವುದು ಅವರ ಮುಂದಿನ ಹೆಜ್ಜೆ. ರಾಜ್ಯದ ವಿದ್ಯುತ್ ಯೋಜನೆ ಬೇಡಿಕೆಯ ಅಂದಾಜನ್ನು ಏರಿಸುತ್ತ ಹೊಸ ಸ್ಥಾವರಗಳನ್ನು ಕೇಳುತ್ತಿದ್ದಾಗ, 1991ರಲ್ಲಿ ಅವರು ಸಂಗಡಿಗರೊಂದಿಗೆ ಪರ್ಯಾಯ ಲೆಕ್ಕ ಮಂಡಿಸಿದರು. ಎಲ್ಲ ಮನೆಗೂ ದೀಪ ಕೊಟ್ಟು, ಪಂಪು ಮತ್ತು ಬಲ್ಬುಗಳ ದಕ್ಷತೆ ಹೆಚ್ಚಿಸಿದರೆ ಸರ್ಕಾರಿ ಅಂದಾಜಿನ ಅರ್ಧಕ್ಕಿಂತಲೂ ಕಡಿಮೆ ವಿದ್ಯುತ್ ಸಾಕೆಂದು ತೋರಿಸಿದರು. ಜನರಿಗೆ ಬೇಕಾದದ್ದು ಯೂನಿಟ್ಟುಗಳಲ್ಲ, ಬೆಳಕು ಮತ್ತು ನೀರು ಎಂಬುದು ಅವರ ವಾದದ ತಿರುಳು. 2000ದಲ್ಲಿ ಮೂವರು ಸಹಲೇಖಕರೊಡನೆ ವೋಲ್ವೊ ಪರಿಸರ ಪ್ರಶಸ್ತಿ ಪಡೆದ ಅವರು 2006ರ ಮೇ 7ರಂದು ನಿಧನರಾದರು.

ಅವರ ಲೆಕ್ಕವನ್ನು ಜೇವರ್ಗಿಯ ಒಂದು ಮನೆಗೆ ಅನ್ವಯಿಸಿ ನೋಡೋಣ. 60 ವ್ಯಾಟಿನ ನಾಲ್ಕು ಹಳೆಯ ಬಲ್ಬು ನಾಲ್ಕು ಗಂಟೆ, 75 ವ್ಯಾಟಿನ ಫ್ಯಾನು ಆರು ಗಂಟೆ ಓಡಿದರೆ 1,410 ವ್ಯಾಟ್-ಗಂಟೆ ಬೇಕು. 12 ವೋಲ್ಟಿನ, 100 ಆಂಪಿಯರ್-ಗಂಟೆಯ ಬ್ಯಾಟರಿ ಪೂರ್ತಿ ಬರಿದಾದರೂ ಕೊಡುವುದು 1,200 ಮಾತ್ರ. ಅದೇ 9 ವ್ಯಾಟಿನ ಎಲ್‌ಇಡಿ ಮತ್ತು 30 ವ್ಯಾಟಿನ ಹೊಸ ಬಗೆಯ ಫ್ಯಾನು ಹಾಕಿದರೆ 324 ಸಾಕು. ಬ್ಯಾಟರಿ ಅರ್ಧವೂ ಖಾಲಿಯಾಗುವುದಿಲ್ಲ. ಸೀಸ-ಆಮ್ಲದ ಬ್ಯಾಟರಿ ಬಾಳುವುದೇ ಹಾಗೆ ಮಿತವಾಗಿ ಬಳಸಿದಾಗ.

2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೊವ್ಯಾಟಿನ ಫಲಕಕ್ಕೆ 78,000 ರೂಪಾಯಿ ಸಹಾಯಧನವಿದೆ. ಅದು ನಿಗದಿಯಾಗಿರುವುದು ಫಲಕದ ಸಾಮರ್ಥ್ಯದ ಮೇಲೆ, ಬ್ಯಾಟರಿಯ ಮೇಲಲ್ಲ. ಬ್ಯಾಟರಿಯಿಲ್ಲದ, ಜಾಲಕ್ಕೆ ಜೋಡಿಸಿದ ಘಟಕ, ಲೈನಿನಲ್ಲಿ ಕರೆಂಟು ಹೋದೊಡನೆ ಸುರಕ್ಷತೆಗಾಗಿ ತಾನೂ ನಿಲ್ಲುತ್ತದೆ. ಮಾಳಿಗೆಯ ಮೇಲೆ ಸೂರ್ಯನಿದ್ದರೂ ಒಳಗೆ ಕತ್ತಲೆ.

ಸೇವೆಯಲ್ಲಿದ್ದಾಗ ನಾನು ಸಹಿ ಮಾಡಿದ ಪ್ರಗತಿ ವರದಿಗಳಲ್ಲಿ ಅಳವಡಿಸಿದ ದೀಪಗಳ ಸಂಖ್ಯೆಯಿರುತ್ತಿತ್ತು. ಮೂರು ವರ್ಷದ ಮೇಲೂ ಉರಿಯುತ್ತಿರುವ ದೀಪಗಳ ಕಾಲಂ ಇರಲಿಲ್ಲ. ಬಟ್ಟಿ ಇಳಿಸಿದ ನೀರು ಹಾಕುವವರಿಲ್ಲದೆ ಸತ್ತ ಬ್ಯಾಟರಿಗಳನ್ನು ಕಂಡೂ ಆ ಕಾಲಂ ಸೇರಿಸಬೇಕೆಂದು ನಾನು ಬರೆಯಲಿಲ್ಲ. ರೆಡ್ಡಿಯವರಾಗಿದ್ದರೆ ಮೊದಲು ಕೇಳುತ್ತಿದ್ದುದು ಅದನ್ನೇ. ತಾಲ್ಲೂಕಿಗೆ ಕೆಲವರಾದರೂ ತರಬೇತಾದ ದುರಸ್ತಿಗಾರರು, ಬ್ಯಾಟರಿ ಬದಲಾವಣೆಗೆ ಸುಲಭ ಸಾಲ, ಉರಿದ ಗಂಟೆಗಳ ಲೆಕ್ಕ ಇಷ್ಟನ್ನು ಯೋಜನೆಯೊಳಗೇ ಸೇರಿಸುವುದು ಸರ್ಕಾರಕ್ಕೆ ಭಾರವೇನಲ್ಲ. ಬಿಸಿಲನ್ನು ಉಚಿತವಾಗಿ ಪಡೆದ ಸೀಮೆ ಇನ್ನಷ್ಟು ಕಾಲ ಕತ್ತಲಲ್ಲಿ ಕೂರಬೇಕಾಗಿಲ್ಲ.